ಉಳಿದ ನಾಲ್ಕೂಮುಕ್ಕಾಲು ಇಂಚು

ಕೋಪ ಬಂದಾಗ ಅವರು ಮೊದಲು ಬಾಯಿಯಲ್ಲಿದ್ದ ಗುಂಡುಸೂಜಿಗಳನ್ನು ಹೊರಗೆ ತೆಗೆಯುತ್ತಿದ್ದರು. ಕೆಲಸದಲ್ಲಿದ್ದಾಗ ತುಟಿಯ ಬಲತುದಿಯಲ್ಲಿ ನಾಲ್ಕೈದು ಸೂಜಿ ಕಚ್ಚಿಕೊಂಡೇ ಇರುತ್ತಿದ್ದರು. ಎಡತುದಿಯಿಂದ ಮಾತು, ನಗು, ಬೈಗುಳ ಎಲ್ಲ ಸರಾಗವಾಗಿ ಹೊರಡುತ್ತಿತ್ತು. ಸೂಜಿ ಬಾಯಲ್ಲಿರುವವರೆಗೆ ಯಾರೂ ಹೆದರಬೇಕಾಗಿರಲಿಲ್ಲ. ಒಂದೊಂದನ್ನೇ ತೆಗೆದು, ಎಡ ಮಣಿಕಟ್ಟಿಗೆ ಕಟ್ಟಿಕೊಂಡ ಸ್ಪಂಜಿನ ತುಂಡಿಗೆ ಚುಚ್ಚಲು ಶುರು ಮಾಡಿದರೆ ಮಾತ್ರ ಅಂಗಡಿಯಲ್ಲಿದ್ದವರು ಬಾಯಿ ಮುಚ್ಚುತ್ತಿದ್ದರು. ಕೊನೆಯ ಸೂಜಿ ಸ್ಪಂಜು ಸೇರಿದ ಮೇಲೆ ಬರುವ ಮಾತನ್ನು ಎದುರಿಸಿದವರು ಸಿದ್ಧಕಟ್ಟೆ ಪೇಟೆಯಲ್ಲಿ ಹೆಚ್ಚು ಮಂದಿ ಇಲ್ಲ. ನಾನು ಎದುರಿಸಿದ್ದೇನೆ.

ಎಲ್ಲರಿಗೂ ಅವರು ಟೈಲರಕ್ಕ. ಬಸ್ಸು ನಿಲ್ಲುವಲ್ಲಿ, ಕೋಳಿ ಅಂಗಡಿಗೂ ಮೊಬೈಲ್ ರೀಚಾರ್ಜ್ ಅಂಗಡಿಗೂ ನಡುವೆ ಅವರ ಒಂದು ಕೋಣೆಯ ಅಂಗಡಿ. ಗಂಡ ಗಂಡಸರ ಬಟ್ಟೆ ಹೊಲಿಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಟೈಲರಕ್ಕ ಅದೇ ಮೆಷಿನಿನಲ್ಲಿ ಕುಳಿತಾಗ ಗಂಡಸರು ಅಳತೆ ಕೊಡಲು ನಾಚಿದರಂತೆ. “ಹಳೇ ಅಂಗಿ ತನ್ನಿ, ಸಾಕು. ನಿಮ್ಮನ್ನು ಮುಟ್ಟುವ ಆಸೆ ನನಗೆ ಎಂತದ್ದೂ ಇಲ್ಲ” ಎಂದರಂತೆ. ಆಮೇಲೆ ಎಲ್ಲರೂ ಬಂದರು. ನಾನೂ ಬಂದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಕಡೆಯ ಸುದ್ದಿಯನ್ನು ಒಂದು ಪತ್ರಿಕೆಗೆ ಕಳಿಸುವುದು ನನ್ನ ಕೆಲಸ. ದಿನವಿಡೀ ಬೈಕಿನ ಮೇಲಿರುವವನಿಗೆ ಎರಡು ಜೇಬಿನ ಗಟ್ಟಿ ಅಂಗಿ ಬೇಕು. ಹದಿನಾಲ್ಕು ವರ್ಷ ನನ್ನ ಅಂಗಿಗಳನ್ನೆಲ್ಲ ಅವರೇ ಹೊಲಿದರು.

ಅವರ ಕೆಲಸದ ಒಂದು ಕ್ರಮವನ್ನು ಇಲ್ಲಿ ಹೇಳಿಬಿಡಬೇಕು; ಮುಂದಿನದ್ದೆಲ್ಲ ನಡೆದದ್ದು ಅದರಿಂದ. ಜೂನ್ ಬಂತೆಂದರೆ ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ. ಒಂದೇ ಬಟ್ಟೆ, ಒಂದೇ ಬಣ್ಣ. ಯಾವುದು ಯಾರದ್ದೆಂದು ಗೊತ್ತಾಗಲು ಬೇರೆ ಟೈಲರುಗಳು ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಾರೆ. ಟೈಲರಕ್ಕ ಕಾಲರಿನ ಒಳಗಡೆ, ಕುತ್ತಿಗೆಗೆ ತಾಗುವ ಪಟ್ಟಿಯ ಅಂಚಿನಲ್ಲಿ, ಬಣ್ಣದ ದಾರದಿಂದ ಸಣ್ಣ ಹೊಲಿಗೆ ಹಾಕುತ್ತಿದ್ದರು. ಒಂದೊಂದು ಮನೆಗೆ ಒಂದೊಂದು ಬಣ್ಣ. ಮನೆಯ ಹಿರಿಯರಿಗೆ ಒಂದು ಹೊಲಿಗೆ, ನಂತರದವರಿಗೆ ಎರಡು, ಮೂರು. ಬಣ್ಣ ಮುಗಿದಾಗ ಎರಡು ದಾರ ಹೊಸೆದು ಹಾಕುತ್ತಿದ್ದರು. ನಮ್ಮ ಮನೆಯದು ಕಂದು. ಇದು ನನಗೆ ಗೊತ್ತಾದದ್ದೇ ತಡವಾಗಿ. ಸ್ವಂತ ಕಾಲರಿನ ಒಳಗೆ ಯಾರು ಇಣುಕಿ ನೋಡುತ್ತಾರೆ?

ರಿಪೇರಿಗೆ ಬಂದ ಬಟ್ಟೆಯನ್ನು ಅವರು ಓದುತ್ತಿದ್ದರು. ಒಮ್ಮೆ ನಾನು ಅಲ್ಲೇ ಇದ್ದಾಗ ಒಬ್ಬ ತಾಯಿ ಮಗನ ಅಂಗಿಗೆ ಬಟನ್ ಹಾಕಿಸಲು ತಂದರು. ಟೈಲರಕ್ಕ ಅಂಗಿಯನ್ನು ಬೆಳಕಿಗೆ ಹಿಡಿದರು.

“ಇದು ಬಿದ್ದ ಬಟನ್ ಅಲ್ಲ, ಎಳೆದದ್ದು. ತಾನಾಗಿ ಬಿದ್ರೆ ದಾರ ಉಳೀತದೆ. ಇಲ್ಲಿ ಬಟ್ಟೆಯೇ ತೂತಾಗಿದೆ ನೋಡಿ. ಮಗನ ಹತ್ರ ಕೇಳಿದ್ರಾ?”

“ಮಕ್ಕಳು ಅಲ್ವಾ ಅಕ್ಕ, ಆಡ್ತಾರೆ.”

“ಆಡುವಾಗ ಪ್ಯಾಂಟಿನ ಮಂಡಿ ಹರೀತದೆ. ಕಾಲರ್ ಹಿಡಿದು ಆಡುವ ಆಟ ಯಾವುದು, ನನಗೂ ಸ್ವಲ್ಪ ಹೇಳಿ ಕೊಡಿ.”

ಆ ತಾಯಿ ನಗುತ್ತಾ ಹೋದರು. ಟೈಲರಕ್ಕ ನನ್ನ ಕಡೆ ತಿರುಗಿದರು. “ವರ್ಷ ಹೋದ ಹಾಗೆ ಇಂಥದ್ದು ಜಾಸ್ತಿ ಆಗ್ತಾ ಉಂಟು. ಜೇಬಿನಲ್ಲಿ ತಂಬಾಕಿನ ಪುಡಿ, ತೋಳಿನಲ್ಲಿ ಬೀಡಿ ಸುಟ್ಟ ತೂತು. ಏಳನೇ, ಎಂಟನೇ ಕ್ಲಾಸಿನ ಅಂಗಿ ಇವು. ಕಾಲರ್ ಹರಿದು ಬಂದ ಅಂಗಿಯೇ ಒಂದು ವರ್ಷ ಬಿಟ್ಟು ತಂಬಾಕು ವಾಸನೆ ಹೊಡೀತಾ ಬರ್ತದೆ. ಪೇಪರಿನಲ್ಲಿ ಹಾಕಿ ಮಾರಾಯ್ರೆ.”

“ಬಟನ್ ಹೋದದ್ದೆಲ್ಲ ಸುದ್ದಿ ಆಗ್ತದಾ ಟೈಲರಕ್ಕ?” ಎಂದು ನಾನೂ ನಕ್ಕೆ.

ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ನಮ್ಮೂರಿನಲ್ಲಿ ಕನ್ನಡ ಎಂದರೆ ಶಾಲೆ, ಪಂಚಾಯತು, ಪೊಲೀಸ್ ಠಾಣೆ. ಇಬ್ಬರು ತುಳುವರು ಎದುರೆದುರು ಕುಳಿತು ಕನ್ನಡ ಮಾತಾಡಿದರೆ ನಡುವೆ ಏನೋ ಕೆಟ್ಟಿದೆ ಎಂದರ್ಥ.

ಅವರ ಮಗಳು ಮಸ್ಕತ್ತಿನಲ್ಲಿ ಯಾರದೋ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ಮಗ ಅಜ್ಜಿಯ ಜೊತೆಗಿದ್ದ. ಎಂಟನೇ ತರಗತಿ, ಸಪೂರ ಹುಡುಗ, ಮಾತು ಕಡಿಮೆ. ಊರಿನ ಉಳಿದ ಮಕ್ಕಳು ‘ಎರಡು ವರ್ಷ ಬರಲಿ’ ಎಂದು ಹೊಲಿಸಿದ ದೊಗಳೆ ಅಂಗಿಯಲ್ಲಿ ತೂರಾಡುತ್ತಾ ಶಾಲೆಗೆ ಹೋದರೆ, ಇವನ ಅಂಗಿ ಮೈಗೆ ಅಚ್ಚು ಹೊಯ್ದ ಹಾಗೆ. ಬದಿಯ ಹೊಲಿಗೆಯೊಳಗೆ ಬಟ್ಟೆ ಮಡಚಿಟ್ಟು, ರಜೆಗೊಮ್ಮೆ ಬಿಚ್ಚಿ ಅಗಲ ಮಾಡಿ ಕೊಡುತ್ತಿದ್ದರು. ಅವನ ಶಾಲೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅದು ಯಾವ ತಾಲೂಕಿನದು, ಯಾವ ಊರಿನದು ಎಂದು ನಾನು ಬರೆಯುವುದಿಲ್ಲ. ಅಲ್ಲಿ ಓದುವ ಮಕ್ಕಳು ಇದರಲ್ಲಿ ತಪ್ಪಿತಸ್ಥರಲ್ಲ. ತಪ್ಪಿತಸ್ಥರಿಗೆ ಓದಿದರೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಆ ಶಾಲೆಯ ಮುಖ್ಯೋಪಾಧ್ಯಾಯರು ಒಂದು ಮಧ್ಯಾಹ್ನ ಫೋನ್ ಮಾಡಿದರು. “ಒಂದು ಒಳ್ಳೆ ಸುದ್ದಿ ಉಂಟು. ನಮ್ಮ ಶಾಲೆ ಮಾದಕ ವಸ್ತು ವಿಷಯದಲ್ಲಿ ಎಷ್ಟು ಸ್ಟ್ರಿಕ್ಟ್ ಅಂತ ಜನರಿಗೆ ಗೊತ್ತಾಗ್ಲಿ.” ತರಗತಿಗಳ ತಪಾಸಣೆಯಲ್ಲಿ ಎಂಟನೇ ತರಗತಿಯ ಹುಡುಗನ ಬಳಿ ತಂಬಾಕಿನ ಪೊಟ್ಟಣಗಳೂ ಕಾಗದದಲ್ಲಿ ಕಟ್ಟಿದ ಒಂದು ಚಿಟಿಕೆ ಗಾಂಜಾ ಸೊಪ್ಪೂ ಸಿಕ್ಕಿದ್ದವು. ಅಂಗಿಯ ಒಳಗೆ ಗುಪ್ತ ಜೇಬು ಇತ್ತು. ಹುಡುಗ ಯಾರೆಂದು ಹೇಳಿದರು. ಬೆನ್ನು ಕಾಣುವ ಹಾಗೆ ನಿಲ್ಲಿಸಿ ತೆಗೆದ ಒಂದು ಫೋಟೊ ಕಳಿಸಿದರು.

ಅಪ್ರಾಪ್ತ ವಯಸ್ಕನ ಹೆಸರು ಹಾಕಬಾರದು ಎಂಬ ನಿಯಮ ನನಗೆ ಬಾಯಿಪಾಠ. ಹಾಕಲಿಲ್ಲ. ಶಾಲೆಯ ಹೆಸರನ್ನೂ ಹಾಕಲಿಲ್ಲ. ಮುಖ ಕಾಣುತ್ತಿರಲಿಲ್ಲ, ಆದ್ದರಿಂದ ಫೋಟೊ ಕಳಿಸಿದೆ. ಆದರೆ ವರದಿಗೆ ಜೀವ ಬರಲೆಂದು ಒಂದು ಸಾಲು ಸೇರಿಸಿದೆ: ಬಾಲಕ ಸಿದ್ಧಕಟ್ಟೆಯಲ್ಲಿ ಟೈಲರಿಂಗ್ ಮಾಡುವ ಅಜ್ಜಿಯೊಂದಿಗೆ ವಾಸವಾಗಿದ್ದು, ಪೊಟ್ಟಣಗಳನ್ನು ಅಡಗಿಸಲು ಅಂಗಿಯೊಳಗೆ ವಿಶೇಷ ಜೇಬು ಹೊಲಿಸಿಕೊಂಡಿದ್ದ ಎನ್ನಲಾಗಿದೆ.

ಎನ್ನಲಾಗಿದೆ ಎಂಬ ಪದ ನಮ್ಮ ವೃತ್ತಿಯ ಗುಪ್ತ ಜೇಬು. ಏನನ್ನು ಬೇಕಾದರೂ ಅದರೊಳಗೆ ತುರುಕಬಹುದು, ಸಿಕ್ಕಿಬಿದ್ದರೆ ಜೇಬು ನನ್ನದಲ್ಲ ಎನ್ನಬಹುದು. ಸಿದ್ಧಕಟ್ಟೆಯಲ್ಲಿ ಮೊಮ್ಮಗನನ್ನು ಸಾಕುವ ಟೈಲರ್ ಅಜ್ಜಿ ಎಷ್ಟು ಜನ? ಒಬ್ಬರೇ. ಹೆಸರು ಹಾಕದೆ ನಾನು ಹೆಸರು ಹಾಕಿದ್ದೆ.

ಇನ್ನೊಂದು ವಿಷಯ. ಆ ಫೋಟೊದಲ್ಲಿ ಅಂಗಿಯ ಭುಜದ ಹೊಲಿಗೆ ಹುಡುಗನ ಭುಜ ದಾಟಿ ತೋಳಿಗೆ ಇಳಿದಿತ್ತು. ನಾನು ನೋಡಿದ್ದೆ. ಬೆಳೆಯುವ ಮಕ್ಕಳಿಗೆ ದೊಡ್ಡದೇ ಹೊಲಿಸುತ್ತಾರೆ ಎಂದುಕೊಂಡೆ. ಈ ಊರಿನಲ್ಲಿ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅವರ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದೆ. ಏನೋ ಸಮಾಧಾನ ಹೇಳಿ ಹೋಗುವುದೆಂದಿದ್ದೆ. ಅವರು ನನ್ನನ್ನು ನೋಡಿ ಸೂಜಿ ತೆಗೆಯಲು ಶುರು ಮಾಡಿದರು. ಐದು ಸೂಜಿ. ಆಮೇಲೆ ಕನ್ನಡದಲ್ಲಿ ಹೇಳಿದರು: “ಕುಳಿತುಕೊಳ್ಳಿ.”

ನಾನು ಕುಳಿತೆ.

“ಬರೆಯುವ ಮೊದಲು ನೀವು ಹುಡುಗನ ಹತ್ತಿರ ಮಾತಾಡಿದ್ದೀರಾ?”

“ಇಲ್ಲ.”

“ನನ್ನ ಹತ್ತಿರ?”

“ಇಲ್ಲ.”

“ನನ್ನ ಅಂಗಡಿ ನಿಮ್ಮ ಮನೆಗೆ ಹೋಗುವ ದಾರಿಯಲ್ಲೇ ಉಂಟು. ದಿನಕ್ಕೆ ಎರಡು ಸಲ ಹಾದು ಹೋಗ್ತೀರಿ.”

ಅವರು ತಮ್ಮ ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ನನ್ನ ಕುತ್ತಿಗೆಗೆ ಸುತ್ತಿದರು. ಒಂದು ಕ್ಷಣ ಬಿಗಿ ಹಿಡಿದರು, ಉಸಿರು ನಿಲ್ಲುವಷ್ಟಲ್ಲ, ನೆನಪುಳಿಯುವಷ್ಟು. “ಹದಿನೈದೂವರೆ” ಎಂದರು. ಟೈಲರುಗಳು ಹಳೆ ಪೇಪರಿನಲ್ಲಿ ಅಚ್ಚು ಕತ್ತರಿಸಿ, ಅದನ್ನು ಬಟ್ಟೆಯ ಮೇಲಿಟ್ಟು ಗೆರೆ ಎಳೆಯುತ್ತಾರೆ. ಅವರು ಅಂದಿನ ಪೇಪರನ್ನು ಮೇಜಿನ ಮೇಲೆ ಹರಡಿ, ನನ್ನ ವರದಿ ಸರಿಯಾಗಿ ನಡುವೆ ಬರುವಂತೆ ಕಾಲರಿನ ಅಚ್ಚು ಕತ್ತರಿಸಿದರು. ಬಾಗಿಲಿಗೆ ಎದುರಾದ ಗೋಡೆಯ ಮೊಳೆಗೆ ನೇತುಹಾಕಿದರು.

“ಇನ್ನು ನಿಮ್ಮ ಎಲ್ಲ ಅಂಗಿಯ ಕಾಲರ್ ಇದರಲ್ಲೇ. ಹೋಗಬಹುದು.”

ಆ ದಿನದಿಂದ ಅವರು ನನ್ನೊಡನೆ ತುಳು ಮಾತಾಡಲಿಲ್ಲ.

ಶಾಲೆ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಿತು. ಅವನು ಬಾಯಿ ಬಿಡಲಿಲ್ಲ. ಆ ಅಂಗಿ ಎಲ್ಲಿಯದೆಂದು ಅಜ್ಜಿ ಕೇಳಿದರು, ಬೈದರು, ಒಮ್ಮೆ ಹೊಡೆದರು. ಅವನು ಗೋಡೆ ನೋಡುತ್ತಾ ಕುಳಿತ. ಮೂಡುಬಿದಿರೆ ಕಡೆಯ ಇನ್ನೊಂದು ಶಾಲೆಗೆ ಸೇರಿಸಿದರು. ಅವನಿಗಿಂತ ಮೊದಲು ನನ್ನ ವರದಿಯ ಫೋಟೊ ವಾಟ್ಸಾಪಿನಲ್ಲಿ ಅಲ್ಲಿಗೆ ತಲುಪಿತ್ತು. ಮೊದಲ ದಿನವೇ ಅವನಿಗೆ ‘ಪ್ಯಾಕೆಟ್’ ಎಂದು ಹೆಸರಿಟ್ಟರು. ದೊಡ್ಡ ಹುಡುಗರು ಅವನನ್ನು ನೀರಿನ ಟ್ಯಾಂಕಿನ ಹಿಂದೆ ನಿಲ್ಲಿಸಿ ಅಂಗಿ ಬಿಚ್ಚಿಸಿ, ‘ಗುಪ್ತ ಜೇಬು ತೋರಿಸಾ’ ಎಂದು ಹುಡುಕುತ್ತಿದ್ದರು. ಸಿಗದಿದ್ದಾಗ ಹೊಡೆಯುತ್ತಿದ್ದರು. ನಂತರ ತಮ್ಮ ಪೊಟ್ಟಣಗಳನ್ನು ಅವನಲ್ಲಿ ಇಡತೊಡಗಿದರು. ಹೇಗೂ ಹೆಸರು ಕೆಟ್ಟವನು, ಸಿಕ್ಕಿಬಿದ್ದರೂ ಅವನದೇ ಎಂದಾಗುತ್ತದೆ.

ಇದನ್ನು ಅವನು ನನಗೆ ಹೇಳಿದ್ದು ಎರಡು ವರ್ಷ ಕಳೆದ ಮೇಲೆ, ಅಜ್ಜಿಯ ಮೆಷಿನಿನ ಪೆಡಲ್ ಮೇಲೆ ಕಾಲಿಟ್ಟುಕೊಂಡು. ಅವನ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ.

“ಬೇಡ ಅಂದ್ರೆ ಹೊಡೀತಿದ್ರು. ತಕ್ಕೊಂಡ್ರೆ ಪಕ್ಕದಲ್ಲಿ ಕೂರಿಸ್ತಿದ್ರು. ಆ ಇಡೀ ವರ್ಷ ನನ್ನನ್ನು ಪಕ್ಕದಲ್ಲಿ ಕೂರಿಸಿದವರು ಅವರು ಮಾತ್ರ.”

ಸಿಕ್ಕಿಬಿದ್ದ ದಿನ ಅವನು ಒಂದು ಎಳೆ ತಂಬಾಕನ್ನೂ ಬಾಯಿಗೆ ಹಾಕಿದವನಲ್ಲ. ಆರು ತಿಂಗಳಲ್ಲಿ ಅವನು ತಂಬಾಕು ದಾಟಿ, ಸೈಕಲ್ ಪಂಕ್ಚರಿಗೆ ಹಾಕುವ ಸೊಲ್ಯೂಷನನ್ನು ಬಟ್ಟೆಗೆ ಹಚ್ಚಿ ಮೂಸುವವರೆಗೆ ಹೋಗಿದ್ದ. ಹದಿಮೂರು ವರ್ಷ. ಟೈಲರಕ್ಕನಿಗೆ ತಿಳಿದದ್ದು ಸೂಜಿಯಿಂದ. ಅವನ ಅಂಗಿಯ ತೋಳಿನ ಅಂಚು ಬಿಟ್ಟಿತ್ತು, ಹೊಲಿಯಲು ಕುಳಿತರು. ಸೂಜಿ ಒಳಗೆ ಹೋಗಲಿಲ್ಲ. ಬಟ್ಟೆ ಒಣಗಿದ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಮೂಸಿ ನೋಡಿದರು. ಆ ದಿನ ಅವರು ಬಾಗಿಲು ಹಾಕಿ ಮೊಮ್ಮಗನನ್ನು ಎದುರಿಗೆ ಕೂರಿಸಿ ಒಂದೇ ಪ್ರಶ್ನೆ ಕೇಳಿದರಂತೆ: “ಪೇಪರಿನ ಫೋಟೊದಲ್ಲಿ ನಿನ್ನ ಮೈಮೇಲಿದ್ದ ಆ ಅಂಗಿ ಯಾರದ್ದು?”

ಹುಡುಗ ಆಗ ಅತ್ತ. ಆಮೇಲೆ ಹೇಳಿದ. ತಪಾಸಣೆ ಶುರುವಾಯಿತೆಂದು ಗೊತ್ತಾದಾಗ ಹತ್ತನೇ ತರಗತಿಯ ಒಬ್ಬನೂ ಅವನ ಇಬ್ಬರು ಗೆಳೆಯರೂ ಇವನನ್ನು ಶೌಚಾಲಯದ ಹಿಂದಕ್ಕೆ ಎಳೆದು, ಇವನ ಅಂಗಿ ಬಿಚ್ಚಿಸಿ, ಆ ದೊಡ್ಡವನ ಅಂಗಿ ತೊಡಿಸಿದ್ದರು. ಇವನ ಅಂಗಿಯನ್ನು ಚರಂಡಿಗೆ ಎಸೆದು, ದೊಡ್ಡವನು ಆಟದ ಟಿ-ಶರ್ಟ್ ಹಾಕಿಕೊಂಡು ಮೈದಾನದಲ್ಲಿ ನಿಂತಿದ್ದ. ಬಾಯಿ ಬಿಟ್ಟರೆ ಅಜ್ಜಿಯ ಅಂಗಡಿಗೆ ಬೆಂಕಿ ಹಾಕುವುದಾಗಿ ಹೇಳಿದ್ದ. ಅಂಗಡಿ ತುಂಬ ಬಟ್ಟೆ. ಹುಡುಗ ನಂಬಿದ.

ಟೈಲರಕ್ಕ ಮೊದಲ ಬಾರಿಗೆ ನನ್ನ ಮನೆಗೆ ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು.

“ಆ ಅಂಗಿ ಶಾಲೆಯ ಕಪಾಟಿನಲ್ಲೇ ಉಂಟು. ನಾನು ಮೂರು ಸಲ ಹೋಗಿ ಕೇಳಿದೆ. ದಾಖಲೆಯಂತೆ, ತೋರಿಸ್ಲಿಕ್ಕೆ ಆಗುವುದಿಲ್ಲವಂತೆ. ನೀವು ಕೇಳಿದ್ರೆ ತೋರಿಸ್ತಾರೆ. ನಿಮಗೆ ಅವರು ಚಾ ಕೊಡ್ತಾರಲ್ಲ.”

ನಾನು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಶಾಲೆಯ ಹೋರಾಟದ ಬಗ್ಗೆ ದೊಡ್ಡ ಲೇಖನ ಬರೆಯುತ್ತೇನೆ, ಆ ಅಂಗಿಯ ಫೋಟೊ ಬೇಕು ಎಂದೆ. ಅದು ಸುಳ್ಳು. ನನ್ನ ವೃತ್ತಿಜೀವನದಲ್ಲಿ ಸುದ್ದಿಗಾಗಿ ಹೇಳಿದ ಒಂದೇ ಸುಳ್ಳು ಅದು, ಪಶ್ಚಾತ್ತಾಪವಿಲ್ಲ.

ನಾನು ಹೋದ ದಿನ ಅವರು ಶಾಲೆಯ ಆಡಳಿತ ಸಮಿತಿಯ ಅಧ್ಯಕ್ಷರನ್ನೂ ಕರೆಸಿದ್ದರು; ದೊಡ್ಡ ಲೇಖನದಲ್ಲಿ ಅವರ ಫೋಟೊವೂ ಬರಲೆಂದು. ಮುಂಬೈಯಲ್ಲಿ ಹೋಟೆಲು, ಊರಿನಲ್ಲಿ ಗದ್ದೆ ತೋಟ, ಗರಿಗರಿ ಬಿಳಿ ಅಂಗಿ. ಅವರು ಮೇಜಿನ ಎಡಬದಿಯ ಕುಶನ್ ಕುರ್ಚಿಯಲ್ಲಿ ಕುಳಿತಿದ್ದರು. ನನ್ನ ಹಿಂದಿನಿಂದ ಟೈಲರಕ್ಕ ಒಳಗೆ ಬಂದಾಗ ಮುಖ್ಯೋಪಾಧ್ಯಾಯರು ಎದ್ದರು.

“ಇವರು ಯಾಕೆ?”

“ಅಂಗಿಯ ವಿಷಯ ಬಲ್ಲವರು” ಎಂದೆ.

ಅಂಗಿ ಕಂದು ಲಕೋಟೆಯಲ್ಲಿತ್ತು, ಮೇಲೆ ದಿನಾಂಕ, ಸಹಿ, ಮೊಹರು. ನನ್ನೆದುರೇ ಲಕೋಟೆ ಒಡೆದರು. ಟೈಲರಕ್ಕ ಕನ್ನಡಕ ಹಾಕಿಕೊಂಡು ಅಂಗಿಯನ್ನು ಮೇಜಿನ ಮೇಲೆ ಒಳಮೇಲಾಗಿ ಹರಡಿದರು. ಮೊದಲು ಆ ಗುಪ್ತ ಜೇಬು.

“ಇದನ್ನು ನಾನು ಹೊಲಿದು ಕೊಟ್ಟದ್ದು ಅಂತ ಊರಿಡೀ ಮಾತಾಡಿದ್ರಲ್ಲ. ನೋಡಿ, ಇದು ಪುಸ್ತಕ ಬೈಂಡ್ ಮಾಡುವ ದಾರ. ಕೈಯಲ್ಲಿ ಹೊಲಿದದ್ದು, ಹೊಲಿಗೆ ಹಲ್ಲು ಬಿದ್ದವರ ಬಾಯಿ ಹಾಗೆ ಉಂಟು. ನನ್ನ ಅಂಗಡಿಯಲ್ಲಿ ಹೀಗೆ ಹೊಲಿದವರಿಗೆ ಮಧ್ಯಾಹ್ನದ ಊಟವೂ ಸಿಗುವುದಿಲ್ಲ.”

ಆಮೇಲೆ ಟೇಪು ಬಿಡಿಸಿ ಭುಜ ಅಳೆದರು. “ಹದಿನೇಳು. ನನ್ನ ಮೊಮ್ಮಗನ ಭುಜ ಹದಿಮೂರೂವರೆ.”

“ಬೆಳೆಯುವ ಮಕ್ಕಳಿಗೆ ದೊಡ್ಡದೇ ಹೊಲಿಸ್ತಾರಲ್ಲ?” ಮುಖ್ಯೋಪಾಧ್ಯಾಯರು ನಕ್ಕು ಅಧ್ಯಕ್ಷರ ಕಡೆ ನೋಡಿದರು.

“ಹೊಲಿಸುವವರು ಹೊಲಿಸ್ತಾರೆ ಸರ್. ಹೊಲಿಯುವವಳ ಮೊಮ್ಮಗ ಯಾಕೆ ದೊಗಳೆ ಹಾಕ್ಬೇಕು?”

ನಗು ನಿಂತಿತು. ಟೈಲರಕ್ಕ ಅಂಗಿಯ ಕಾಲರನ್ನು ಮಡಚಿ ಬೆಳಕಿಗೆ ಹಿಡಿದರು. ಪಟ್ಟಿಯ ಅಂಚಿನಲ್ಲಿ ಹಸಿರು ದಾರದ ಮೂರು ಪುಟ್ಟ ಹೊಲಿಗೆ. ತಮ್ಮ ಗುರುತಿನ ಕ್ರಮವನ್ನು ಎಳೆ ಎಳೆಯಾಗಿ ಹೇಳಿದರು: ಮನೆಗೊಂದು ಬಣ್ಣ, ಮೊದಲು ಹಿರಿಯರು, ಆಮೇಲೆ ಮಕ್ಕಳು. ಹೇಳಿ ಮುಗಿಸಿ ಅಧ್ಯಕ್ಷರ ಕಡೆ ತಿರುಗಿದರು.

“ನಿಮ್ಮ ಕಾಲರ್ ಸ್ವಲ್ಪ ಮಡಚಿ.”

“ಎಂತ ಮಾರಾಯ್ತಿ, ಪೊಲೀಸ್ ತನಿಖೆಯಾ ಇದು?”

“ನೀವು ಮಡಚ್ತೀರೋ, ನಾನು ಬರ್ಬೇಕೋ? ನಿಮ್ಮ ಅಪ್ಪನಿಂದ ಹಿಡಿದು ನಿಮ್ಮ ಮನೆಯವರೆಲ್ಲರ ಎದೆಯ ಅಳತೆ ನನ್ನ ಹತ್ತಿರ ಉಂಟು. ನನಗೆ ನಿಮ್ಮ ಹೆದರಿಕೆ ಇಲ್ಲ.”

ಅಧ್ಯಕ್ಷರು ಅಲುಗಾಡಲಿಲ್ಲ. ಮುಖ್ಯೋಪಾಧ್ಯಾಯರು ಕಿಟಕಿ ನೋಡುತ್ತಿದ್ದರು. ವರದಿಗಾರ ನೋಡಬೇಕು, ಕೈಹಾಕಬಾರದು ಎಂದು ನನಗೆ ಕಲಿಸಿದ್ದಾರೆ. ನಾನು ಎದ್ದು ಹೋಗಿ ಅಧ್ಯಕ್ಷರ ಕಾಲರನ್ನು ಮಡಚಿದೆ. ಹಸಿರು ದಾರ, ಒಂದು ಹೊಲಿಗೆ. ಫೋಟೊ ತೆಗೆದೆ. ನನ್ನ ಬೆರಳು ತಾಗಿದಾಗ ಆ ಕುತ್ತಿಗೆ ಬೆವರಿದ್ದದ್ದು ನನಗೆ ಇನ್ನೂ ನೆನಪಿದೆ. ಸಂತೋಷದಿಂದಲೇ ನೆನಪಿದೆ.

“ನಿಮ್ಮ ಅಪ್ಪ ಹೋದ ಮೇಲೆ ಒಂದು ಅಂದ್ರೆ ನೀವು,” ಎಂದರು ಟೈಲರಕ್ಕ. “ಎರಡು ನಿಮ್ಮ ದೊಡ್ಡ ಮಗ, ಮುಂಬೈಯಲ್ಲಿದ್ದಾನೆ. ಮೂರು ಯಾರು ಅಂತ ನಾನು ಹೇಳ್ಬೇಕಾ?”

ಅಧ್ಯಕ್ಷರ ಧ್ವನಿ ಮೆತ್ತಗಾಗಿ ಹೊರಬಂತು. “ಮಕ್ಕಳ ವಿಷಯ. ಆದದ್ದು ಆಯ್ತು, ಇಲ್ಲೇ ಮುಗಿಸುವ.”

“ನನ್ನ ಮಗುವಿನದ್ದು ನೀವು ಇಲ್ಲಿ ಮುಗಿಸ್ಲಿಲ್ಲ ಅಲ್ವಾ. ಪೇಪರಿನಲ್ಲಿ ಮುಗಿಸಿದ್ರಿ.”

ಟೈಲರಕ್ಕ ಕೇಳಿದ್ದು ಎರಡು. ಹುಡುಗನನ್ನು ಯಾವ ಅಸೆಂಬ್ಲಿಯಲ್ಲಿ ಎದುರಿಗೆ ನಿಲ್ಲಿಸಿದ್ದರೋ ಅದೇ ಅಸೆಂಬ್ಲಿಯಲ್ಲಿ ಅವನು ತಪ್ಪು ಮಾಡಿಲ್ಲ ಎಂದು ಹೇಳಬೇಕು. ಪೇಪರಿನಲ್ಲಿ ಅದೇ ಜಾಗದಲ್ಲಿ, ಅಷ್ಟೇ ಉದ್ದಕ್ಕೆ ತಿದ್ದುಪಡಿ ಬರಬೇಕು. ಮೊದಲನೆಯದು ಶಾಲೆಗೆ, ಎರಡನೆಯದು ನನಗೆ.

ಅಸೆಂಬ್ಲಿಯ ದಿನ ಹುಡುಗ ಬರಲು ಒಪ್ಪಲಿಲ್ಲ. ಅವನನ್ನು ನಿಲ್ಲಿಸಿದ್ದ ಧ್ವಜದ ಕಟ್ಟೆಯ ಪಕ್ಕ ಟೈಲರಕ್ಕ ತಾವೇ ಹೋಗಿ ನಿಂತರು, ಅಷ್ಟೂ ಮಕ್ಕಳ ಎದುರಿಗೆ, ಒಗೆದ ಹತ್ತಿ ಸೀರೆಯಲ್ಲಿ. ಮುಖ್ಯೋಪಾಧ್ಯಾಯರು ಕಾಗದ ನೋಡಿ ಏನೋ ಗೊಣಗಿದರು.

“ಮೈಕಿನಲ್ಲಿ ಹೇಳಿ” ಎಂದರು ಟೈಲರಕ್ಕ. “ಆ ದಿನ ಮೈಕಿನಲ್ಲಿ ಹೇಳಿದ್ರಿ.”

ಮೈಕಿನಲ್ಲಿ ಹೇಳಿದರು. ಹಿಂದಿನ ಸಾಲಿನ ಒಬ್ಬ ಸಣ್ಣ ಹುಡುಗ ಚಪ್ಪಾಳೆ ಹೊಡೆದ, ಯಾರೂ ಜೊತೆ ಸೇರಲಿಲ್ಲ, ಅವನೇ ನಿಲ್ಲಿಸಿದ. ಅವನ ಕಾಲರಿನ ಒಂದು ಬದಿ ಹರಿದಿತ್ತು. ಟೈಲರಕ್ಕ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ.

ನನ್ನ ಪಾಲಿನದ್ದು ನನ್ನಿಂದ ಆಗಲಿಲ್ಲ. ಮೊದಲ ವರದಿಯಷ್ಟೇ ಉದ್ದಕ್ಕೆ, ಆರು ಇಂಚು ಬರೆದು ಕಳಿಸಿದೆ. ಜೇಬು, ಭುಜದ ಅಳತೆ, ಹಸಿರು ದಾರ ಎಲ್ಲ ಇತ್ತು. ನನ್ನ ತಪ್ಪೂ ಇತ್ತು. ಡೆಸ್ಕಿನಿಂದ ಫೋನ್ ಬಂತು. ಹುಡುಗರು ಅಪ್ರಾಪ್ತರು, ಅಧ್ಯಕ್ಷರು ಜಾಹೀರಾತು ಕೊಡುವವರು, ಇಷ್ಟುದ್ದ ಯಾಕೆ. ಒಳಪುಟದ ಕೆಳಗೆ, ಒಂದು ಔಷಧಿ ಜಾಹೀರಾತಿನ ಪಕ್ಕ ನಾಲ್ಕು ವಾಕ್ಯ ಬಂತು. ನಾನು ಆ ಪೇಪರ್ ಹಿಡಿದು ಅವರ ಅಂಗಡಿಗೆ ಹೋದೆ. ಅವರು ಸೂಜಿ ತೆಗೆಯಲಿಲ್ಲ. ಟೇಪನ್ನು ತಿದ್ದುಪಡಿಯ ಮೇಲಿಟ್ಟರು. ಆಮೇಲೆ ಗೋಡೆಯ ಮೊಳೆಯಿಂದ ಕಾಲರಿನ ಅಚ್ಚನ್ನು ಇಳಿಸಿ, ಅದರಲ್ಲಿದ್ದ ಹಳೆ ವರದಿಯ ಮೇಲೂ ಟೇಪು ಇಟ್ಟರು.

“ಅದು ಆರು ಇಂಚು. ಇದು ಒಂದೂಕಾಲು. ಉಳಿದ ನಾಲ್ಕೂಮುಕ್ಕಾಲು ಇಂಚು ಎಲ್ಲಿ?”

ನಾನು ತಂದ ಪೇಪರನ್ನು ಮಡಚತೊಡಗಿದೆ.

“ಬಟ್ಟೆ ಕದ್ದ ಟೈಲರಿಗೂ ನಿಮಗೂ ಎಂತ ವ್ಯತ್ಯಾಸ?” ಎಂದು ಕೇಳಿ ಅಚ್ಚನ್ನು ಮತ್ತೆ ಮೊಳೆಗೆ ಹಾಕಿದರು.

ಸತ್ಯ ಹೊರಬಂದ ಮಾತ್ರಕ್ಕೆ ಹುಡುಗ ಸರಿಯಾಗಲಿಲ್ಲ. ಒಳಗೆ ಹೋದದ್ದು ತಿದ್ದುಪಡಿಯಿಂದ ಹೊರಗೆ ಬರುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಅವನು ದಾಖಲಾದಾಗ ಜೂನ್ ತಿಂಗಳು; ಅವರು ಸಮವಸ್ತ್ರದ ಹಂಗಾಮಿನಲ್ಲಿ ಅಂಗಡಿಗೆ ಬೀಗ ಹಾಕಿ ಅವನ ಮಂಚದ ಪಕ್ಕ ಕುಳಿತರು. ಆಮೇಲೆ ವಾರಕ್ಕೊಮ್ಮೆ ಪುಂಜಾಲಕಟ್ಟೆಯಲ್ಲಿ ಬಸ್ಸು ಬದಲಿಸಿ ಬೆಳ್ತಂಗಡಿಗೆ, ಅಲ್ಲಿನ ಒಬ್ಬ ಆಪ್ತ ಸಮಾಲೋಚಕಿಯ ಬಳಿಗೆ. ಎರಡು ಸಲ ಅವನು ಮತ್ತೆ ಬಿದ್ದ. ಒಮ್ಮೆ ಬಸ್ಸಿನಲ್ಲಿ ಅವನ ಪರಿಚಯದ ಹುಡುಗನೊಬ್ಬ ‘ಪ್ಯಾಕೆಟ್’ ಎಂದು ಕೂಗಿದಾಗ ಟೈಲರಕ್ಕ ಎದ್ದು ಹೋಗಿ ಕೂಗಿದವನ ಕಾಲರ್ ಮಡಚಿ ನೋಡಿ, “ನೀಲಿ, ಎರಡು ಹೊಲಿಗೆ. ನಿನ್ನ ಅಮ್ಮನ ಫೋನ್ ನಂಬರ್ ನನ್ನ ಹತ್ರ ಉಂಟು ಮಗಾ” ಎಂದು ಬಂದು ಕುಳಿತರಂತೆ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಇದನ್ನು ಹೇಳುವಾಗ ಹುಡುಗನೂ ನಕ್ಕ.

ಅಧ್ಯಕ್ಷರು ಕಿರಿಯ ಮಗನನ್ನು ದೂರದ ಹಾಸ್ಟೆಲಿಗೆ ಕಳಿಸಿದರು. ಎರಡು ವರ್ಷ ಬಿಟ್ಟು ಆ ಮನೆಯಲ್ಲಿ ಮಗಳ ಮದುವೆ. ಅಧ್ಯಕ್ಷರ ಹೆಂಡತಿ ಕಾರಿನಲ್ಲಿ ಬಂದು, ರೇಷ್ಮೆ ಸೀರೆಗಳ ಬ್ಲೌಸ್ ಪೀಸುಗಳನ್ನು ಮೇಜಿನ ಮೇಲಿಟ್ಟರು. ನಾನು ಅಂದು ಪ್ಯಾಂಟಿನ ಅಂಚು ಹೊಲಿಸಲು ಕುಳಿತಿದ್ದೆ.

“ಅಳತೆ ಉಂಟಲ್ಲ ನಿಮ್ಮ ಹತ್ರ.”

“ಅಳತೆ ಉಂಟು. ಹೊಲಿಯುವುದಿಲ್ಲ.”

ಆ ಹೆಂಗಸು ನಾನಿರುವುದನ್ನೂ ಮರೆತು, ಮೇಜು ಹಿಡಿದು ಅತ್ತರು. ಹಾಸ್ಟೆಲಿನಿಂದ ಮಗನನ್ನು ವಾಪಸು ಕಳಿಸಿದ್ದಾರೆ, ಅವನು ಕೋಣೆಯಿಂದ ಹೊರಗೆ ಬರುವುದಿಲ್ಲ, ಕೇಳಿದರೆ ಕೈ ಎತ್ತುತ್ತಾನೆ. ಅಲ್ಲಿಯ ದೊಡ್ಡ ಹುಡುಗರು ಅವನಿಗೂ ಅದನ್ನೇ ಮಾಡಿದ್ದರು. ಟೈಲರಕ್ಕ ಸೂಜಿಗಳನ್ನು ತೆಗೆದರು. ಅವರು ಒಂದು ಚೀಟಿಯಲ್ಲಿ ಬೆಳ್ತಂಗಡಿಯ ಸಮಾಲೋಚಕಿಯ ವಿಳಾಸ ಬರೆದು, ಯಾವ ಬಸ್ಸು, ಎಲ್ಲಿ ಇಳಿಯಬೇಕು, ಮೊದಲ ದಿನ ಹುಡುಗನಿಗೆ ಏನು ಹೇಳಿ ಕರೆದುಕೊಂಡು ಹೋಗಬೇಕು ಎಂಬುದನ್ನೆಲ್ಲ ತಿಳಿಸಿ ಕೈಗೆ ಕೊಟ್ಟರು. ಬ್ಲೌಸ್ ಪೀಸುಗಳನ್ನು ಮಡಚಿ ಚೀಲಕ್ಕೆ ತುಂಬಿ, ಅದನ್ನೂ ಕೈಗೆ ಕೊಟ್ಟರು.

ಕಾರು ಹೋದ ಮೇಲೆ ನಾನು ಕೇಳಿದೆ: “ಹೊಲಿಯಬಹುದಿತ್ತಲ್ಲ?”

“ಅವಳ ಮಗ ಬದುಕ್ಬೇಕು,” ಎಂದರು, ಅದೇ ಬಿಗಿ ಕನ್ನಡದಲ್ಲಿ. “ಅದು ಬೇರೆ. ನಾನು ಹೊಲಿಯುವುದು ಬೇರೆ.”

ಟೈಲರಕ್ಕ ಹೋದ ವರ್ಷ ತೀರಿಕೊಂಡರು. ಮೂರು ದಿನದ ಜ್ವರ, ಒಂದು ದಿನ ಆಸ್ಪತ್ರೆ. ನಾನು ನೋಡಲು ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಬಾಯಿಯ ಬಲತುದಿಯಲ್ಲಿ ಸೂಜಿ ಕಚ್ಚಿ ಕಚ್ಚಿ ಆದ ಸಣ್ಣ ಕಲೆಗಳ ಸಾಲು ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ಸುತ್ತ ನಿಂತ ಎಲ್ಲರೊಡನೆ ತುಳುವಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ನೋಡಿ ಕನ್ನಡದಲ್ಲಿ ಕೇಳಿದರು: “ಬರೆದಿರಾ?”

“ಇಲ್ಲ” ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಈಗ ಬರೆದಿದ್ದೇನೆ. ನಾನು ಆ ಪತ್ರಿಕೆಯಲ್ಲಿ ಈಗಿಲ್ಲ. ಇದನ್ನು ಕತ್ತರಿಸುವ ಡೆಸ್ಕೂ ಇಲ್ಲ. ಈ ಸಲ ಮೊದಲು ಹುಡುಗನಿಗೆ ಓದಲು ಕೊಟ್ಟೆ. ಅವನೀಗ ಪಿಯುಸಿ ಎರಡನೇ ವರ್ಷ, ಭಾನುವಾರಗಳಲ್ಲಿ ಅಂಗಡಿ ತೆರೆದು ರಿಪೇರಿ ಕೆಲಸ ಮಾಡುತ್ತಾನೆ. ಅವನು ಸರಿಯಾಗಿದ್ದಾನೆ ಎಂದು ಬರೆಯುವ ಧೈರ್ಯ ನನಗಿಲ್ಲ. ಇವತ್ತಿನವರೆಗೆ ಎಂದು ಬರೆಯುತ್ತೇನೆ. ಅವನೂ ಹಾಗೆಯೇ ಹೇಳುತ್ತಾನೆ. ಎರಡು ಕಡೆ ತಿದ್ದಿದ. ಒಂದು ಕಡೆ ನಾನು ಅವನನ್ನು ಮುಗ್ಧ ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿದ.

ಓದಿ ಮುಗಿಸಿ, ಕುತ್ತಿಗೆಯಲ್ಲಿದ್ದ ಟೇಪು ತೆಗೆದು ನನ್ನ ಕಾಗದಗಳನ್ನು ಒಂದರ ಕೆಳಗೆ ಒಂದು ಜೋಡಿಸಿ ಅಳೆದ.

“ನಾಲ್ಕೂಮುಕ್ಕಾಲಿಗಿಂತ ತುಂಬ ಜಾಸ್ತಿ ಆಯ್ತಲ್ಲ.”

“ಕಡಿಮೆ ಮಾಡ್ಬೇಕಾ?”

“ಬೇಡ. ಜಾಸ್ತಿ ಇದ್ರೆ ಒಳಗೆ ಮಡಚಿ ಇಡುವ ಅಂತಿದ್ರು ಅಜ್ಜಿ.”

ನಾನು ಗೋಡೆ ನೋಡಿದೆ. ಕಾಲರಿನ ಅಚ್ಚು ಅದೇ ಮೊಳೆಯಲ್ಲಿತ್ತು, ಕಾಗದ ಹಳದಿಯಾಗಿ, ಅಂಚು ಮುರುಟಿ. ಅಕ್ಷರ ಮಾತ್ರ ಮಾಸಿರಲಿಲ್ಲ.

“ಇನ್ನು ಅದನ್ನು ತೆಗೀಬಹುದಲ್ಲ?” ಎಂದೆ.

ಹುಡುಗ ಬಾಯಿಯ ಬಲತುದಿಗೆ ನಾಲ್ಕು ಸೂಜಿ ಕಚ್ಚಿಕೊಂಡು ಮೆಷಿನಿನತ್ತ ತಿರುಗಿದ. ಎಡತುದಿಯಿಂದ, ಕನ್ನಡದಲ್ಲಿ ಹೇಳಿದ:

“ಯಾಕೆ ತೆಗೆಯುವುದು? ನಿಮಗೆ ಇನ್ನೂ ಅಂಗಿ ಹೊಲೀಲಿಕ್ಕೆ ಉಂಟಲ್ಲ.”